ಬಂಗಾರಪೇಟೆಯಿಂದ ಒಂದು ಸುತ್ತು

ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಯವರು ರೈಲು ಹತ್ತುತ್ತಿದ್ದುದು ಮದುವೆಗೆ, ಸಾವಿಗೆ, ತಿರುಪತಿಗೆ ಇಲ್ಲವೆ ವೇಳಾಂಕಣ್ಣಿಗೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿಯುವವರಲ್ಲಿ ಹೆಚ್ಚಿನವರ ಮೂಲ ಉತ್ತರ ಆರ್ಕಾಟು, ಚಿತ್ತೂರಿನ ಕಡೆ. ರಜೆ ಬಂದರೆ ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ, ಕುಪ್ಪಂ ದಾಟಿ, ಜೋಲಾರಪೇಟೆಯ ದಿಕ್ಕಿಗೆ ಇಳಿದುಬಿಡುತ್ತಿದ್ದರು. ನಾವು ಮುಳಬಾಗಿಲು ಕಡೆಯವರು. ನಮ್ಮ ಊರಿಗೆ ರೈಲೇ ಇಲ್ಲ. ಬಸ್ಸು ಹತ್ತಿದರೆ ಮುಗಿಯಿತು. ಹೀಗಿರುವಾಗ, ಹರಕೆ ಇಲ್ಲ, ನೆಂಟರಿಲ್ಲ, ನಾಲ್ಕು ಊರು ನೋಡುವುದಕ್ಕೇ ಮನೆಮಂದಿಯೆಲ್ಲ ರೈಲಿನಲ್ಲಿ ಹೊರಡುವುದೆಂದರೆ ಪಕ್ಕದ ಮನೆಯವರಿಗೆ ಅದನ್ನು ಬಿಡಿಸಿ ಹೇಳುವುದೇ ಕಷ್ಟವಾಗಿತ್ತು. 1988ರ ಬೇಸಿಗೆಗೆ ಅಪ್ಪ ಅಂಥದ್ದೊಂದು ಪ್ರಯಾಣಕ್ಕೆ ಮನಸ್ಸು ಮಾಡಿದರು.

ಅದಕ್ಕೆ ಕಾರಣ ಪೇಪರಿನಲ್ಲಿ ಬಂದ ಸುದ್ದಿ. 1986ರಲ್ಲಿ ಹಂಪಿ, ಮರುವರ್ಷ ಪಟ್ಟದಕಲ್ಲು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದವು. ಎರಡೂ ನಮ್ಮ ರಾಜ್ಯದ ಊರುಗಳು, ಎರಡನ್ನೂ ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಪ್ಪ ಆ ಸುದ್ದಿಯನ್ನು ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಬೆಂಗಳೂರಿಗೆ ಹೋಗಿದ್ದ ಯಾರ ಕೈಯಲ್ಲೋ ಹೇಳಿ ದಕ್ಷಿಣ ರೈಲ್ವೆಯ ಟೈಮ್‌ಟೇಬಲ್ ತರಿಸಿಕೊಂಡರು. ಅಲ್ಲಿಂದ ಏಪ್ರಿಲ್ ಕೊನೆಯವರೆಗೆ ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಆ ಪುಸ್ತಕದ ಪಾರಾಯಣ.

ಅಪ್ಪ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಪಾಳಿಗೆ ಇಳಿದವರ ಹೆಸರು, ಮೇಲೆ ಬಂದವರ ಹೆಸರು, ಹೊತ್ತು, ಇವುಗಳನ್ನು ಬರೆದಿಡುವುದು ಅವರ ಕೆಲಸ. ಚಾಂಪಿಯನ್ ರೀಫಿನ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ಸಿಡಿಯುತ್ತದೆ. ಊರಲ್ಲಿ ಎಲ್ಲರ ಬಾಯಲ್ಲೂ ಅದು ರಾಕ್‌ಬರ್ಸ್ಟ್. ಅದು ಆದ ದಿನ ಮನೆಯ ಪಾತ್ರೆಗಳೂ ನಡುಗುತ್ತಿದ್ದವು. ಆಗ ಟೈಮ್ ಆಫೀಸಿನ ಪುಸ್ತಕದ ಮುಂದೆ ಹೆಂಗಸರು ಬಂದು ನಿಲ್ಲುತ್ತಿದ್ದರು. ಇಳಿದವರ ಲೆಕ್ಕವೂ ಏರಿದವರ ಲೆಕ್ಕವೂ ತಾಳೆಯಾಗುವವರೆಗೆ ಅಪ್ಪ ಮನೆಗೆ ಬರುತ್ತಿರಲಿಲ್ಲ. ಹೊತ್ತಿನ ವಿಷಯದಲ್ಲಿ ಅವರಿಗಿದ್ದ ಕಟ್ಟುನಿಟ್ಟು ಅಲ್ಲಿಂದ ಬಂದದ್ದು. ಬೇರೆಯವರಿಗೆ ರೈಲಿನ ಟೈಮ್‌ಟೇಬಲ್ ಅಂಕಿಗಳ ರಾಶಿ. ಅಪ್ಪನಿಗೆ ಅದು ಯಾರು ಎಲ್ಲಿ ಯಾವಾಗ ಇರುತ್ತಾರೆ ಎಂಬ ಭರವಸೆ.

ದಾರಿ ಗೊತ್ತುಮಾಡುವಾಗ ಮೊದಲು ಎದುರಾದದ್ದು ದುಡ್ಡಿನ ಪ್ರಶ್ನೆ. ರಜೆಯ ಪ್ರಯಾಣಕ್ಕೆ ಕಚೇರಿ ಖರ್ಚು ಕೊಡುವ ಎಲ್‌ಟಿಸಿಯ ನಿಯಮ ಹೀಗಿತ್ತು: ಹೋಗುವ ಊರು ಯಾವುದೆಂದು ಮುಂಚೆಯೇ ಬರೆದುಕೊಡಬೇಕು, ಅಲ್ಲಿಗೆ ಅತಿ ಹತ್ತಿರದ ದಾರಿಯಲ್ಲಿ ಹೋಗಿಬರುವ ಟಿಕೆಟ್ಟಿನ ಹಣ ಮಾತ್ರ ಕಚೇರಿ ಕೊಡುತ್ತದೆ. ನಡುವೆ ಸುತ್ತಿಬಳಸಿದರೆ ಅದು ನಮ್ಮ ಖರ್ಚು. ಅಪ್ಪ ಬಿಜಾಪುರ ಎಂದು ಬರೆದುಕೊಟ್ಟರು. ಆಮೇಲೆ ಬಂಗಾರಪೇಟೆಯ ಸ್ಟೇಷನ್ನಿನಲ್ಲಿ ಹಿರಿಯ ಬುಕಿಂಗ್ ಕ್ಲರ್ಕ್ ಒಬ್ಬರು ಸರ್ಕ್ಯುಲರ್ ಟಿಕೆಟ್ಟಿನ ದಾರಿ ತೋರಿಸಿದರು. ಹೊರಟ ಸ್ಟೇಷನ್ನಿಗೇ ಮರಳಿ ಬರುವ ಸುತ್ತುಪ್ರಯಾಣಕ್ಕೆ ರೈಲ್ವೆ ಒಂದೇ ಟಿಕೆಟ್ ಕೊಡುತ್ತದೆ; ನಡುವೆ ಎಂಟು ಕಡೆಯವರೆಗೆ ಇಳಿದು ತಂಗಬಹುದು. ರೈಲಿನ ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆ ಬೀಳುತ್ತದೆ. ಊರೂರಿಗೆ ಬಿಡಿ ಟಿಕೆಟ್ ಕೊಂಡರೆ ಪ್ರತಿಸಲವೂ ಆರಂಭದ ದುಬಾರಿ ದರವನ್ನೇ ತೆರಬೇಕು. ಸುತ್ತಿನ ಟಿಕೆಟ್ಟಿನಲ್ಲಿ ಒಟ್ಟು ದೂರವನ್ನು ಅರ್ಧ ಮಾಡಿ ಎರಡು ಉದ್ದ ಪ್ರಯಾಣವೆಂದು ಲೆಕ್ಕ ಹಿಡಿಯುತ್ತಾರೆ, ಹಾಗಾಗಿ ಬಹಳ ಉಳಿಯುತ್ತದೆ. ಊರುಗಳ ಹೆಸರು ಬರೆದು ಅರ್ಜಿ ಹಾಕಿ ಬೆಂಗಳೂರಿನ ವಿಭಾಗೀಯ ಕಚೇರಿಯಿಂದ ಒಪ್ಪಿಗೆ ತರಿಸಿಕೊಳ್ಳಬೇಕು, ಅಷ್ಟೇ. ಅಪ್ಪನ ಮುಖದಲ್ಲಿ ಅವತ್ತು ಕಂಡ ಸಂತೋಷವನ್ನು ನಾನು ಬೋನಸ್ ಬಂದ ದಿನವೂ ಕಂಡಿಲ್ಲ.

ಇನ್ನು ಯಾವ ಊರುಗಳು? ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಅಪ್ಪನಿಗೆ ಬಾದಾಮಿ, ಪಟ್ಟದಕಲ್ಲು. ಅಣ್ಣನಿಗೆ ಗೋಲ್‌ಗುಂಬಜ್, ಪಿಸುಮಾತು ಗೋಡೆ ಸುತ್ತಿ ಬರುತ್ತದಂತೆ ಎಂದು ಪಾಠದಲ್ಲಿ ಓದಿದ್ದ. ಅಮ್ಮನಿಗೆ ಮಂತ್ರಾಲಯ. ನನಗೆ ಹಂಪಿ. ಅಜ್ಜಿ ಮಾತ್ರ, "ಕಲ್ಲು ನೋಡೋಕೆ ಅಷ್ಟು ದೂರ ಯಾಕಪ್ಪ? ನಮ್ಮ ಆವನಿ ಬೆಟ್ಟದ ಗುಡಿ ಏನ್ ಕಮ್ಮಿ?" ಎಂದರು. ಆಮೇಲೆ, "ಹೋಗೋದೇ ಆದ್ರೆ ನಾನೂ ಬತ್ತೀನಿ, ರಾಯರ ಮಠ ನೋಡ್ದಂಗಾಯ್ತದೆ" ಎಂದು ಸೇರಿಸಿದರು.

ಅಪ್ಪ ಎಳೆದ ಸುತ್ತು ಹೀಗಿತ್ತು. ಬಂಗಾರಪೇಟೆಯಿಂದ ಬೆಂಗಳೂರು. ಅಲ್ಲಿ ಬ್ರಾಡ್‌ಗೇಜ್ ಬಿಟ್ಟು ಮೀಟರ್‌ಗೇಜ್ ಗಾಡಿ ಹಿಡಿದು ಅರಸೀಕೆರೆ, ಹರಿಹರದ ಮೇಲೆ ಹುಬ್ಬಳ್ಳಿ. ಅಲ್ಲಿಂದ ಗದಗ, ಬಾದಾಮಿ, ಬಿಜಾಪುರ, ಸೊಲ್ಲಾಪುರ. ಸೊಲ್ಲಾಪುರದಲ್ಲಿ ಮತ್ತೆ ಬ್ರಾಡ್‌ಗೇಜ್: ಗುಲ್ಬರ್ಗ, ವಾಡಿ, ರಾಯಚೂರು, ಮಂತ್ರಾಲಯಂ ರೋಡ್, ಗುಂತಕಲ್ಲು. ಕೊನೆಗೆ ಧರ್ಮಾವರ, ಹಿಂದೂಪುರದ ದಾರಿಯಲ್ಲಿ ಬೆಂಗಳೂರು, ಬಂಗಾರಪೇಟೆ. ಒಟ್ಟು ಸಾವಿರದ ಐನೂರು ಕಿಲೋಮೀಟರಿಗೂ ಮೇಲೆ. ಬಾದಾಮಿಯ ಚಾಲುಕ್ಯರು, ಬಿಜಾಪುರದ ಆದಿಲ್‌ಶಾಹಿ, ಗುಲ್ಬರ್ಗದ ಬಹಮನಿ, ವಿಜಯನಗರ ಬಿದ್ದ ಮೇಲೆ ಅರಸರು ನೆಲೆ ನಿಂತ ಪೆನುಕೊಂಡ, ಎಲ್ಲವೂ ಆ ಒಂದು ಗೆರೆಯ ಮೇಲೆ ಬರುತ್ತಿದ್ದವು. ವಿಜಯನಗರ ಮಾತ್ರ ಬರುತ್ತಿರಲಿಲ್ಲ. ಹೊಸಪೇಟೆ ಇರುವುದು ಗದಗಿನಿಂದ ಬಳ್ಳಾರಿ ಕಡೆಗೆ ಹೋಗುವ ದಾರಿಯಲ್ಲಿ, ನಮ್ಮ ಸುತ್ತಿನ ಹೊಟ್ಟೆಯೊಳಗೆ.

ಹಂಪಿ ಬೇಕೆಂದರೆ ಗದಗಿನಿಂದ ಹೊಸಪೇಟೆಗೆ ತಿರುಗಿ ಗುಂತಕಲ್ಲು ಸೇರಿ ಸುತ್ತನ್ನು ಚಿಕ್ಕದು ಮಾಡಬೇಕು. ಆಗ ಬಿಜಾಪುರ, ಗುಲ್ಬರ್ಗ, ಮಂತ್ರಾಲಯ ಕೈಬಿಡುತ್ತವೆ. ಇದರ ಮೇಲೆ ನಮ್ಮಲ್ಲಿ ಆದಷ್ಟು ಚರ್ಚೆ ಬೇರೆ ಯಾವುದರ ಮೇಲೂ ಆಗಲಿಲ್ಲ. ಕೊನೆಗೆ ಅಪ್ಪ ಕಂಡುಕೊಂಡ ಪರಿಹಾರ: ಗದಗಿನಲ್ಲಿ ಇಳಿದು, ಸಾಮಾನು ಅಲ್ಲೇ ಕ್ಲೋಕ್‌ರೂಮಿನಲ್ಲಿ ಬಿಟ್ಟು, ಬೇರೆ ಟಿಕೆಟ್ಟಿನಲ್ಲಿ ಕೊಪ್ಪಳದ ಮೇಲೆ ಹೊಸಪೇಟೆಗೆ ಹೋಗಿ, ಹಂಪಿ ನೋಡಿ, ಮರಳಿ ಗದಗಿಗೆ ಬರುವುದು. ಕ್ಲೋಕ್‌ರೂಮಿನವರು ಬೀಗವಿಲ್ಲದ ಸಾಮಾನು ಇಟ್ಟುಕೊಳ್ಳುವುದಿಲ್ಲ. ಅಜ್ಜಿಯ ಬಟ್ಟೆಗಂಟು ಅದಕ್ಕಾಗಿ ಅಣ್ಣನ ಟ್ರಂಕಿನೊಳಗೆ ಸೇರಬೇಕಾಯಿತು. ಅಜ್ಜಿಗೆ ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ.

ಬಿಸಿಲಿನ ಲೆಕ್ಕವೂ ಇತ್ತು. ಮೇ ತಿಂಗಳಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರಿಗೆ ಹೋಗುವುದು ತಿಳಿದವರು ಮಾಡುವ ಕೆಲಸವಲ್ಲ ಎಂದು ಅಪ್ಪನ ಕಚೇರಿಯಲ್ಲಿ ಎಲ್ಲರೂ ಹೇಳಿದರು. ಆದರೆ ನಮಗೆ ಶಾಲೆ ರಜೆ ಇದ್ದುದೇ ಆಗ. ಅಪ್ಪ ನೋಟ್‌ಬುಕ್ಕಿನಲ್ಲಿ ಪ್ರತಿ ದಿನವನ್ನೂ ಮೂರು ಭಾಗ ಮಾಡಿದರು. ಬೆಳಗಿನ ಆರರಿಂದ ಹತ್ತು ನೋಡುವುದಕ್ಕೆ, ನಾಲ್ಕರವರೆಗೆ ನೆರಳಿನಲ್ಲಿ, ಸಂಜೆ ಮತ್ತೆ ನೋಡುವುದಕ್ಕೆ. ನೆರಳು ಎಂದರೆ ಹೆಚ್ಚಾಗಿ ಸ್ಟೇಷನ್ನಿನ ರಿಟೈರಿಂಗ್ ರೂಮು, ಅದು ಸಿಗದಿದ್ದರೆ ವೇಯ್ಟಿಂಗ್ ರೂಮು. ಲಾಡ್ಜಿಗಿಂತ ಅಗ್ಗ, ಎತ್ತರದ ಮಾಡು, ದಪ್ಪ ಗೋಡೆ, ತಣ್ಣೀರು. ಹಳೆಯ ಸ್ಟೇಷನ್ನುಗಳನ್ನು ಬಿಸಿಲಿನ ನಾಡಿಗೆ ತಕ್ಕಂತೆ ಕಟ್ಟಿದ್ದಾರೆ. ಇವತ್ತಿಗೂ ಬೇಸಿಗೆಯಲ್ಲಿ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಮಧ್ಯಾಹ್ನವನ್ನು ಸ್ಟೇಷನ್ನಿಗೆ ಬಿಟ್ಟುಕೊಡಿ.

ಅಮ್ಮನ ಪಟ್ಟಿ ಬೇರೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಬೆಲ್ಲ ಬೆರೆಸಿದ ರಾಗಿ ಹುರಿಹಿಟ್ಟು, ಶ್ರೀನಿವಾಸಪುರದ ಕಡೆಯ ತೋಟದಿಂದ ಬಂದ ಅರೆಗಾಯಿ ಮಾವು. ದಾರಿಯಲ್ಲಿ ಹಣ್ಣಾಗಲಿ ಎಂದು ಹುಲ್ಲು ಹಾಸಿ ಕಟ್ಟಿದ ಬುಟ್ಟಿ. ಊಟದ ಖರ್ಚು, ಟಾಂಗಾ ಖರ್ಚು ಅಮ್ಮ ಕಟ್ಟಿದ ಚೀಟಿಯಿಂದ ಬಂತು. ಈ ಪ್ರಯಾಣಕ್ಕೆ ಅಪ್ಪ ಯೋಜನೆ ಹಾಕಿದರು ಎಂದು ನಾವು ಹೇಳುತ್ತ ಬಂದಿದ್ದೇವೆ. ಅದರ ಅರ್ಧ ಯೋಜನೆ ಅಮ್ಮನ ಚೀಟಿಯ ಪುಸ್ತಕದಲ್ಲಿ ಎರಡು ವರ್ಷ ಮುಂಚೆಯೇ ಶುರುವಾಗಿತ್ತು.

ಹೊರಟ ದಿನ ಬೆಳಿಗ್ಗೆ ಊರಿಗಾಂ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಕಡೆಯಿಂದ ಬಂದ ಗಾಡಿ ಹತ್ತಿದೆವು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಆಮೇಲೆ ಬಂಗಾರಪೇಟೆ, ಹೀಗೆ ಹದಿನಾರು ಕಿಲೋಮೀಟರಿನಷ್ಟು ಚಿಕ್ಕ ದಾರಿ. ಬಂಗಾರಪೇಟೆಯ ಮುಖ್ಯ ದಾರಿ ಹಾಕಿದ್ದು 1864ರಲ್ಲಿ, ಮದ್ರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ ಬೆಂಗಳೂರಿನ ದಂಡಿಗೆ ರೈಲು ಮುಟ್ಟಿದಾಗ. ಗಣಿಗೆ ಕವಲು ಬಂದದ್ದು 1894ರಲ್ಲಿ. ಅದರ ಮೇಲೆ ಯಂತ್ರ ಬಂತು, ಕಲ್ಲಿದ್ದಲು ಬಂತು, ಸುರಂಗಕ್ಕೆ ಕೊಡುವ ಮರದ ದಿಮ್ಮಿ ಬಂತು, ಜನ ಬಂದರು. ಬಂಗಾರಪೇಟೆಯಿಂದ ಕೋಲಾರದ ಕಡೆಗೆ 1913ರಲ್ಲಿ ಹಾಕಿದ ನ್ಯಾರೋಗೇಜೂ ಇತ್ತು. ಹಾಗಾಗಿ ಆ ಒಂದು ಬೆಳಿಗ್ಗೆಯಲ್ಲಿ ಮೂರೂ ಅಳತೆಯ ಹಳಿ ನೋಡಿದೆವು: ಬಂಗಾರಪೇಟೆಯಲ್ಲಿ ಅಗಲದ್ದೂ ಕಿರಿದೂ, ಬೆಂಗಳೂರಿನಲ್ಲಿ ನಡುವಿನದು.

ಟ್ಯಾಕಲ್ಲಿನ ಬಂಡೆಗುಡ್ಡ, ಮಾಲೂರಿನ ನೀಲಗಿರಿ ತೋಪು ನಮಗೆ ಗೊತ್ತಿದ್ದವೇ. ತುಮಕೂರು ದಾಟಿದ ಮೇಲಿನದೆಲ್ಲ ಹೊಸದು. ತಿಪಟೂರಿನ ತೆಂಗು, ಅರಸೀಕೆರೆಯ ಸೆಕೆ, ದಾವಣಗೆರೆಯಲ್ಲಿ ಕಿಟಕಿಗೆ ಬಂದ ಮಂಡಕ್ಕಿ, ಹರಿಹರದಲ್ಲಿ ಮರಳೇ ಹೆಚ್ಚಾಗಿದ್ದ ತುಂಗಭದ್ರೆ. ಗದಗಿನಿಂದ ಆಚೆ ನೆಲದ ಬಣ್ಣವೇ ಬೇರೆ. ಕೋಲಾರದ ಕೆಂಪು ಮಣ್ಣಿನವಳು ನಾನು. ಎರೆಭೂಮಿಯನ್ನು ಮೊದಲ ಸಲ ನೋಡಿದ್ದು ಆಗಲೇ. ಮೇ ತಿಂಗಳ ಎರೆಹೊಲದಲ್ಲಿ ಬೆಳೆ ಇಲ್ಲ, ಮರ ಇಲ್ಲ. ನೆಲ ಬಿರಿದು ಕೈ ಹಿಡಿಸುವಷ್ಟು ಸೀಳು. ಅಲ್ಲೊಂದು ಇಲ್ಲೊಂದು ಬೇವು, ಅದರ ಕೆಳಗೆ ಎತ್ತು, ಎತ್ತಿನ ಪಕ್ಕದಲ್ಲಿ ಮನುಷ್ಯ.

ಆ ದಾರಿಯ ಹಿಂದೆ ಒಂದು ದೊಡ್ಡ ದುಃಖ ಇದೆ. 1876ರಿಂದ 78ರವರೆಗಿನ ಬರದಲ್ಲಿ ಈ ಸೀಮೆಯಲ್ಲೂ ಮೈಸೂರು ಸೀಮೆಯಲ್ಲೂ ಲಕ್ಷಾಂತರ ಜನ ಸತ್ತರು. ಬೇರೆ ಕಡೆ ಧಾನ್ಯ ಇತ್ತು, ತರಲು ದಾರಿ ಇರಲಿಲ್ಲ. ಬರ ಮತ್ತೆ ಬಂದರೆ ಕಾಳು ಮುಟ್ಟಿಸುವುದಕ್ಕೆಂದು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗಿನಿಂದ ಬಾದಾಮಿ, ಬಿಜಾಪುರದ ಮೇಲೆ ಸೊಲ್ಲಾಪುರದ ಹತ್ತಿರದ ಹೊಟಗಿಯವರೆಗೆ ಮೀಟರ್‌ಗೇಜ್ ಹಾಕಿತು. ಗುಡಿ ಗುಮ್ಮಟ ನೋಡಲು ಹೋಗುವವರಿಗಾಗಿ ಹಾಕಿದ ದಾರಿಯಲ್ಲ ಅದು. ಇದನ್ನು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ, ಪುಸ್ತಕಗಳಿಂದ. ತಿಳಿದ ಮೇಲೆ, ಆ ಬೇವಿನ ಕೆಳಗಿನ ಮನುಷ್ಯ ನಮ್ಮ ಗಾಡಿಯನ್ನು ಕತ್ತೆತ್ತಿ ನೋಡಿದ್ದು ನೆನಪಾಗಿ ಅವತ್ತಿನ ಪ್ರಯಾಣವೇ ನನಗೆ ಬೇರೆ ತೂಕದ್ದಾಯಿತು. ಪ್ರವಾಸಕ್ಕೆ ಯೋಜನೆ ಹಾಕುವವರು ಊರುಗಳ ಚರಿತ್ರೆಯ ಜೊತೆಗೆ ದಾರಿಯ ಚರಿತ್ರೆಯನ್ನೂ ಓದಿಕೊಳ್ಳಬೇಕು ಎಂದು ನಾನು ನಂಬುತ್ತೇನೆ. ನಾವು ಕೂತ ಹಳಿಯೂ ಚಾಲುಕ್ಯರ ಶಾಸನದಷ್ಟೇ ಓದತಕ್ಕದ್ದು.

ಹಂಪಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ನೆನಪಿನಲ್ಲಿ ಉಳಿದದ್ದು ಬಜಾರಿನ ಕಲ್ಲುಚಪ್ಪರಗಳಲ್ಲಿ ಆಗ ಇದ್ದ ಸಂಸಾರಗಳು, ಒಲೆಯ ಹೊಗೆ. ಬಾದಾಮಿಯಲ್ಲಿ ಸ್ಟೇಷನ್ನಿನಿಂದ ಊರಿಗೆ ಐದು ಕಿಲೋಮೀಟರು. ಟಾಂಗಾ ಹಿಡಿದು ಬೆಳಕು ಹರಿಯುವಾಗ ಗುಹೆಗಳ ಕೆಳಗೆ ಇಳಿದೆವು. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, ಶಕ 500, ಅಂದರೆ ಕ್ರಿ.ಶ. 578. ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು. ಆ ಗುಹೆ ಕಟ್ಟಿದ್ದಲ್ಲ, ಬಂಡೆಯೊಳಗೆ ಹೊಕ್ಕು ಕಡಿದದ್ದು. ಕಂಬದ ಬುಡದಲ್ಲಿ ಉಳಿಯ ಗೆರೆಗಳನ್ನು ಬೆರಳಿನಿಂದ ಮುಟ್ಟಿ ಅಪ್ಪ, "ಒಳಗೆ ಕೆಲಸ ಮಾಡ್ದೋರಿಗೆ ಬೆಳಕು ಎಲ್ಲಿಂದ ತಂದ್ರೋ" ಎಂದರು. ದೇವರ ಮೂರ್ತಿಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ನೆಲದೊಳಗಿನ ಕೆಲಸ ಎಂದರೆ ಏನೆಂದು ಗೊತ್ತಿದ್ದವರ ಪ್ರಶ್ನೆ ಅದು. ಬಾದಾಮಿಯ ಮೇಲೆ ನಾನು ಆಮೇಲೆ ಓದಿದ ಯಾವ ಪುಸ್ತಕದಲ್ಲೂ ಅದನ್ನು ಯಾರೂ ಕೇಳಿದ್ದು ಕಾಣಲಿಲ್ಲ.

ಬಾಗಲಕೋಟೆ ದಾಟಿ ಆಲಮಟ್ಟಿಯ ಹತ್ತಿರ ಕೃಷ್ಣೆ. ಅಣೆಕಟ್ಟು ಆಗ ಇನ್ನೂ ಏಳುತ್ತಿತ್ತು. ಗಾಡಿಯಿಂದ ಕಂಡ ಬಾಗಲಕೋಟೆಯ ಹಳೆಯ ಕೇರಿಗಳಲ್ಲಿ ಎಷ್ಟೋ ಆಮೇಲೆ ಹಿನ್ನೀರಿನ ಪಾಲಾದವು, ಜನ ನವನಗರಕ್ಕೆ ಹೋದರು. ಬಿಜಾಪುರದಲ್ಲಿ ಗೋಲ್‌ಗುಂಬಜ್ ಗಾಡಿ ನಿಲ್ಲುವ ಮೊದಲೇ ಕಿಟಕಿಯಲ್ಲಿ ಕಾಣುತ್ತದೆ. ಸುಮಾರು 44 ಮೀಟರ್ ಅಗಲದ ಗುಮ್ಮಟ, ಅದರಡಿಯಲ್ಲಿ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ. ಅಣ್ಣ ಗ್ಯಾಲರಿಯ ಒಂದು ಕಡೆ ನಿಂತು ಪಿಸುಗುಟ್ಟಿದ್ದು ಅಜ್ಜಿಗೆ ಇನ್ನೊಂದು ಕಡೆ ಕೇಳಿಸಿತು. ಮನೆಯಲ್ಲಿ ಕೂಗಿದರೂ ಕೇಳಿಸದ ಅಜ್ಜಿಗೆ! ಗುಲ್ಬರ್ಗದ ಕೋಟೆಯೊಳಗೆ 1367ರ ಮಸೀದಿ; ತೆರೆದ ಅಂಗಳವೇ ಇಲ್ಲದೆ ಪೂರ್ತಿ ಮಾಡು ಹೊದಿಸಿದ್ದು. ಆ ಬಿಸಿಲಿನಲ್ಲಿ ಅದರ ಕಮಾನುಗಳ ನಡುವಿನ ತಂಪು ನನ್ನ ಕಾಲಿಗೆ ಇನ್ನೂ ನೆನಪಿದೆ.

ರಾಯಚೂರಿನಲ್ಲಿ ನಮ್ಮ ಎದುರಿನ ಸೀಟಿಗೆ ಒಬ್ಬರು ಬಂದು ಕೂತರು. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ, ಮನೆಯವರೊಡನೆ ಮಂತ್ರಾಲಯಕ್ಕೆ ಹೊರಟವರು. ಅಪ್ಪ ಊರು ಹೇಳಿದ ಕೂಡಲೆ ಅವರು ಎದ್ದು ಕೈ ಹಿಡಿದುಕೊಂಡರು. "ನಿಮ್ಮ ಊರು ನೋಡಬೇಕಂತ ಭಾಳ ದಿವ್ಸದಿಂದ ಆಸೆ ಐತ್ರಿ. ನಮ್ಮಲ್ಲಿ ಮಷಿನ್ ಕೂಡಿಸಿದವರು, ಕೆಲಸ ಕಲಿಸಿದವರು ಎಲ್ಲಾ ಕೋಲಾರದ ಹೆಸರು ಹೇಳ್ತಿದ್ರು. ಯಾವ ಗಾಡಿಗೆ ಬರಬೇಕು, ಎಲ್ಲಿ ಇಳೀಬೇಕು, ಏನೇನು ನೋಡಬೇಕು, ಒಂದು ಹಾಳಿ ಮ್ಯಾಲ ಬರದ ಕೊಡ್ರಿ" ಎಂದರು.

ಅಪ್ಪ ನೋಟ್‌ಬುಕ್ ತೆಗೆದರು. ತಕ್ಷಣ ಏನೂ ಬರೆಯಲಿಲ್ಲ. ನಾಲ್ಕು ತಿಂಗಳು ಕೂತು ಐತಿಹಾಸಿಕ ಊರುಗಳ ಪಟ್ಟಿ ಮಾಡಿದ ಮನೆಯಲ್ಲಿ ನಮ್ಮ ಊರೂ ಅಂಥದ್ದೇ ಒಂದು ಎಂದು ಯಾರಿಗೂ ಹೊಳೆದಿರಲಿಲ್ಲ. ಊರು ಅಂದರೆ ದುಡಿಯುವ ಜಾಗ, ರಾಕ್‌ಬರ್ಸ್ಟಿನ ಜಾಗ, ಕೆಮ್ಮಿನ ಜಾಗ. ನೋಡುವ ಜಾಗ ಎಲ್ಲೋ ದೂರದಲ್ಲಿ, ರಾಜರು ಇದ್ದಲ್ಲಿ. ಆ ಹಟ್ಟಿಯವರು ಕೇಳಿದ ಮೇಲೆ, ರಾಯಚೂರಿನಿಂದ ಮಂತ್ರಾಲಯಂ ರೋಡಿನ ತನಕದ ಒಂದು ಗಂಟೆಯಲ್ಲಿ, ಅಪ್ಪ ಓಡುವ ಗಾಡಿಯಲ್ಲಿ ಅಲುಗಾಡುವ ಅಕ್ಷರದಲ್ಲಿ ನಮ್ಮ ಊರಿಗೆ ಒಂದು ಪ್ರವಾಸದ ಯೋಜನೆ ಬರೆದರು. ಅಣ್ಣನ ಕೈಯಲ್ಲಿ ಅದರ ನಕಲು ಮಾಡಿಸಿ ಒಂದನ್ನು ಅವರಿಗೆ ಕೊಟ್ಟರು. ಇನ್ನೊಂದು ನೋಟ್‌ಬುಕ್ಕಿನಲ್ಲೇ ಉಳಿದಿದೆ.

ಮೊದಲು ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹಿಡಿಯಬೇಕು, ಬಸ್ಸು ಬೇಡ, ಎಂದು ಶುರುವಾಗುತ್ತದೆ ಆ ಬರಹ. ಚಾಂಪಿಯನ್ ರೀಫಿನ ಗಿಫರ್ಡ್ಸ್ ಶಾಫ್ಟು ಹೊರಗಿನಿಂದ ನೋಡಬೇಕು. ಒಳಗೆ ಇಳಿಯಲು ಅನುಮತಿ ಬೇಕು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಯ ಆಳದಲ್ಲಿ ವಿಜ್ಞಾನಿಗಳು ಉಪಕರಣ ಇಟ್ಟಿದ್ದಾರೆ. ಆಕಾಶದಿಂದ ಬಂದು ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೊ ಎಂಬ ಕಣದ ಸುಳಿವು 1965ರಲ್ಲಿ ಅಲ್ಲಿ ಸಿಕ್ಕಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸಯನೈಡ್ ದಿಬ್ಬಗಳನ್ನು ಸಂಜೆ ನೋಡಬೇಕು. ಬೇತಮಂಗಲದ ಕೆರೆ ನೋಡಬೇಕು, ಊರು ಕುಡಿಯುವ ನೀರು ಅಲ್ಲಿಯದು. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ವ್ಯಾಪಾರ ಕೇಳಬೇಕು. ಕೋಲಾರಮ್ಮನ ಗುಡಿಗೆ ಒಂದು ದಿನ ಬೇರೆ ಇಟ್ಟುಕೊಳ್ಳಬೇಕು. ಕೊನೆಯ ಸಾಲು: ನಮ್ಮ ಮನೆಗೆ ಊಟಕ್ಕೆ ಬರಬೇಕು, ಅದರ ಕೆಳಗೆ ವಿಳಾಸ.

ಅವರು ಬರಲಿಲ್ಲ. ಬಂದಿದ್ದರೆ ನೋಡುವುದಕ್ಕೆ ಹನ್ನೆರಡು ಹದಿಮೂರು ವರ್ಷದಷ್ಟೇ ಸಮಯ ಉಳಿದಿತ್ತು. 2001ರ ಫೆಬ್ರುವರಿ 28ರಂದು ನಮ್ಮ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದಾಗಿನಿಂದ ನೂರಿಪ್ಪತ್ತು ವರ್ಷ, ಸುಮಾರು 800 ಟನ್ ಚಿನ್ನ. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು. ನಮ್ಮ ಬೀದಿಯ ಗಂಡಸರೂ ಹೆಂಗಸರೂ ಬೆಳಗಿನ ಗಾಡಿಗೆ ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ಸಾವಿರಾರು ಜನ ಇವತ್ತಿಗೂ ನಸುಕಿನಲ್ಲೇ ಎದ್ದು ಆ ಗಾಡಿ ಹಿಡಿಯುತ್ತಾರೆ, ರಾತ್ರಿ ಅದರಲ್ಲೇ ಮರಳುತ್ತಾರೆ. ಚಿನ್ನಕ್ಕಾಗಿ ಹಾಕಿದ ಹಳಿ ಚಿನ್ನ ಹೋದ ಮೇಲೂ ಊರನ್ನು ಉಳಿಸಿದೆ. ಇದನ್ನು ಹೇಳುವಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ದಿನಕ್ಕೆ ಐದಾರು ಗಂಟೆ ರೈಲಿನಲ್ಲಿ ಕಳೆಯುವವರ ಮಕ್ಕಳಿಗೆ ತಂದೆತಾಯಿಯ ಮುಖ ಭಾನುವಾರ ಮಾತ್ರ ಹಗಲಿನಲ್ಲಿ ಕಾಣುತ್ತದೆ.

ಅಪ್ಪ ಗಣಿ ಮುಚ್ಚಿದ ನಾಲ್ಕನೆಯ ವರ್ಷ ತೀರಿಕೊಂಡರು. ನೋಟ್‌ಬುಕ್ ನನ್ನ ಹತ್ತಿರ ಇದೆ. ಈ ಬೇಸಿಗೆ ಅಣ್ಣನ ಮಗಳು, ಅಳಿಯ, ಎರಡು ಮಕ್ಕಳು ಕಲಬುರಗಿಯಿಂದ ಬರುವವರಿದ್ದಾರೆ. "ಅತ್ತೆ, ತಾತ ಹೋದ ದಾರಿಯಲ್ಲೇ ಒಂದು ಸುತ್ತು ಹಾಕೋಣ, ನೀವೂ ಬನ್ನಿ, ಶುರು ನಿಮ್ಮಲ್ಲಿಂದಲೇ" ಎಂದಿದ್ದಾಳೆ. ಹಾಗಾಗಿ ಈಗ ಯೋಜನೆ ಹಾಕುವ ಸರದಿ ನನ್ನದು.

ಬಹಳ ಬದಲಾಗಿದೆ. ಆ ಸುತ್ತಿನಲ್ಲಿ ಈಗ ಮೀಟರ್‌ಗೇಜ್ ಎಲ್ಲೂ ಇಲ್ಲ. ಮೈಸೂರಿನಿಂದ ಪಂಢರಪುರಕ್ಕೆ ಹೋಗುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಲ್ಲಿ ಹತ್ತಿದರೆ ಗಾಡಿ ಬದಲಾಯಿಸದೆ ಬಾದಾಮಿ, ವಿಜಯಪುರ ಮುಟ್ಟಬಹುದು. ಹೊಸಪೇಟೆಗೆ ಹಂಪಿ ಎಕ್ಸ್‌ಪ್ರೆಸ್ ನೇರ ಹೋಗುತ್ತದೆ. ಹುಬ್ಬಳ್ಳಿಯ ಪ್ಲಾಟ್‌ಫಾರಂ 1,507 ಮೀಟರ್ ಉದ್ದವಾಗಿದೆ. ಸಾಮಾನು ಹೊತ್ತು ಅದರ ತುದಿಯಿಂದ ತುದಿಗೆ ನಡೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಿಸರ್ವೇಶನ್ ತೆರೆಯುವುದು ಅರವತ್ತು ದಿನ ಮುಂಚೆ. ಸುತ್ತಿನ ಟಿಕೆಟ್ಟಿನ ಪದ್ಧತಿ ಇನ್ನೂ ಇದೆ ಎಂದರೆ ಅಳಿಯನಿಗೆ ನಂಬಿಕೆಯೇ ಬರಲಿಲ್ಲ. ಮೊಬೈಲಿನಲ್ಲಿ ಸಿಗುವುದಿಲ್ಲವಾದ್ದರಿಂದ ಅದು ಇಲ್ಲವೆಂದೇ ಅವರ ವಯಸ್ಸಿನವರು ತಿಳಿದಿದ್ದಾರೆ. ಒಂದು ಅರ್ಜಿ ಬರೆದು ಕೌಂಟರಿಗೆ ನಾನೇ ಹೋಗುವುದೆಂದು ತೀರ್ಮಾನಿಸಿದ್ದೇನೆ. ಬಂಗಾರಪೇಟೆಗೆ ಹೋದಾಗ ಪಾನಿಪುರಿಯನ್ನೂ ತಿಂದುಬರಬಹುದು. ತಿಳಿನೀರಿನ ಆ ಪಾನಿಪುರಿಯನ್ನು ಹುಡುಕಿಕೊಂಡು ಬೆಂಗಳೂರಿನವರು ಬರುತ್ತಾರೆ, ನಾವು ಹತ್ತಿರದವರು ಬಿಡುವುದೇ?

ಸುತ್ತಿಗೆ ಹೊರಡುವ ಮೊದಲಿನ ದಿನಗಳು ನಮ್ಮ ಊರಿಗೆ. ಅಪ್ಪನ ಬರಹವನ್ನು ಮುಂದಿಟ್ಟುಕೊಂಡು ಅದನ್ನು ತಿದ್ದುತ್ತಿದ್ದೇನೆ. ಗಿಫರ್ಡ್ಸ್ ಶಾಫ್ಟಿನ ಆವರಣಕ್ಕೆ ಬೀಗ ಇದೆ. ಗಣಿ ಇನ್ನೊಮ್ಮೆ ಹೇಗೂ ತೆರೆಯಲಿಲ್ಲ, ಆ ಉಕ್ಕಿನ ಗೋಪುರಗಳನ್ನಾದರೂ ಜನ ನೋಡುವಂತೆ ಇಟ್ಟುಕೊಳ್ಳಬಾರದೆ ಎಂದು ನಾನು ಹೇಳದ ಕಡೆ ಇಲ್ಲ. ಬಾದಾಮಿಯ ಗುಹೆಗೆ ಇರುವ ಕಾವಲು, ಫಲಕ, ಟಿಕೆಟ್ಟು ಈ ಶಾಫ್ಟಿಗೂ ಸಲ್ಲಬೇಕು. ಇಲ್ಲಿಯೂ ಮನುಷ್ಯರು ಬಂಡೆ ಕಡಿದಿದ್ದಾರೆ. ಅವರ ಹೆಸರುಗಳು ಟೈಮ್ ಆಫೀಸಿನ ಪುಸ್ತಕಗಳಲ್ಲಿ ಇದ್ದವು. ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೆಲಸ ಶುರುವಾದರೆ ನಾನು ಹುಟ್ಟಿದಂದಿನಿಂದ ನೋಡಿದ ಆ ಬೂದು ಗುಡ್ಡಗಳ ಆಕಾರವೇ ಹೋಗುತ್ತದೆ. ಕೆಲಸ ಸಿಗುವುದಾದರೆ ಹೋಗಲಿ, ಆದರೆ ಅದಕ್ಕೆ ಮೊದಲು ಮಕ್ಕಳು ನೋಡಿರಲಿ.

ಕಲಬುರಗಿಯಿಂದ ಅವರು ಬರುವ ಗಾಡಿ ಬೆಂಗಳೂರಿಗೆ ನಸುಕಿನಲ್ಲಿ ಮುಟ್ಟುತ್ತದೆ. ಅಲ್ಲಿಂದ ಟ್ಯಾಕ್ಸಿ ಬೇಡ, ಮಾರಿಕುಪ್ಪಂ ರೈಲನ್ನೇ ಹಿಡಿಯಿರಿ, ಬೆಳಿಗ್ಗೆ ಆ ದಿಕ್ಕಿಗೆ ಸೀಟು ಸಿಗುತ್ತದೆ, ಜನ ಎದುರು ದಿಕ್ಕಿಗೆ ಹೋಗುತ್ತಿರುತ್ತಾರೆ ಎಂದು ಬರೆದಿದ್ದೇನೆ. ಊರಿಗಾಂನಲ್ಲಿ ಇಳಿಯಿರಿ, ನಾನು ಅಲ್ಲಿರುತ್ತೇನೆ. ಮಧ್ಯಾಹ್ನ ಮನೆಯಲ್ಲಿ. ದಿಬ್ಬಗಳಿಗೆ ಮಾತ್ರ ಅಪ್ಪ ಬರೆದಂತೆ ಸಂಜೆ ಬೇಡ. ಮೇ ತಿಂಗಳಲ್ಲಿ ಸಂಜೆ ಗಾಳಿ ಎದ್ದರೆ ಪುಡಿ ಹಾರಿ ಕಣ್ಣು ಮೂಗಿಗೆ ಬರುತ್ತದೆ. ಮರುದಿನ ಬೆಳಿಗ್ಗೆ ಎಂಟರೊಳಗೆ ಹೋಗಿಬರುವುದು, ಚಿಕ್ಕವನಿಗೆ ಮೂಗಿಗೆ ಕಟ್ಟಲು ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳುವುದು.